ಬಿಗ್ಸ್‌ಬಿ ಇರುವ ಗಿಟಾರ್‌ಗೆ ರೋಲರ್ ಬ್ರಿಡ್ಜ್ ಹಾಕಿದರೆ ಶ್ರುತಿ ನಿಲ್ಲುತ್ತಾ?

ಆರುತಂತಿ:
ಸೆಮಿ ಹಾಲೋ ಗಿಟಾರ್, ಸ್ಕೇಲ್ (ತಂತಿ ಮಿಡಿಯುವ ಉದ್ದ) 628 ಮಿ.ಮೀ., ಹೆಡ್‌ಸ್ಟಾಕ್‌ನ (ಕೀ ಇರುವ ತಲೆಭಾಗದ) ಎರಡೂ ಬದಿಗೆ ಮೂರು ಮೂರು ಕೀ. ವೈಬ್ರಾಟೋ (ಆರ್ಮ್ ಅನ್ನೋ ಹಿಡಿ ಒತ್ತಿ ತಂತಿಯ ಬಿಗಿ ಏರಿಳಿಸುವ ಸಾಧನ) ಬಿಗ್ಸ್‌ಬಿ ಬಿ-7, ಬ್ರಿಡ್ಜ್ (ತಂತಿಗಳಿಗೆ ಕೆಳತುದಿಯ ಆಸರೆ) ನ್ಯಾಶ್‌ವಿಲ್ ಮಾದರಿಯ ಟ್ಯೂನ್-ಓ-ಮ್ಯಾಟಿಕ್, ತಂತಿ 10–46 (ದಪ್ಪ, ಇಂಚಿನ ಸಾವಿರದ ಭಾಗದಲ್ಲಿ). ಆರ್ಮ್ ಮುಟ್ಟದೆ ನುಡಿಸಿದರೆ ಶ್ರುತಿ ಕದಲುವುದಿಲ್ಲ. ಅರ್ಧ ಸ್ವರದಷ್ಟು ಒತ್ತಿ ಬಿಟ್ಟರೆ ಸಾಕು, ಕೆಟ್ಟಿರುತ್ತದೆ. ಎಲ್ಲರೂ ರೋಲರ್ ಬ್ರಿಡ್ಜ್ (ತಂತಿಯ ಕೆಳಗೆ ತಿರುಗುವ ಪುಟ್ಟ ಗಾಲಿ ಇರುವುದು) ಹಾಕು ಅನ್ನುತ್ತಾರೆ. ಮರ ಕೊರೆಯದೆ ಕೂರುತ್ತಾ? ನಾದ ತೆಳುವಾಗುತ್ತಾ? ಬರೀ ಸ್ಯಾಡಲ್ (ಬ್ರಿಡ್ಜ್ ಮೇಲೆ ಒಂದೊಂದು ತಂತಿಯೂ ಕೂರುವ ತುಂಡು) ಬದಲಿಸಿದರೆ ಆಗಲ್ವಾ?

ಫ್ರೆಟ್‌ಅರ:
ಆರ್ಡರ್ ಮಾಡುವ ಮೊದಲು ತಂತಿ ಯಾವ ತುದಿಯಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ನೋಡಿಕೊಳ್ಳಿ. ಟ್ಯೂನರ್ ಒಂದಿದ್ದರೆ ಸಾಕು. ತಂತಿಯನ್ನು ಶ್ರುತಿಗೆ ತಂದು, ಆರ್ಮ್ ಒತ್ತಿ, ಮೆಲ್ಲಗೆ ಬಿಡಿ. ಶ್ರುತಿ ಏರಿ ನಿಂತರೆ ತೊಂದರೆ ನಟ್‌ನಲ್ಲಿದೆ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿ ಕೂರುವ ಕಚ್ಚುಗಳ ಪಟ್ಟಿ). ಇಳಿದು ನಿಂತರೆ ಬ್ರಿಡ್ಜ್ ಕಡೆ ಇದೆ.

ಒತ್ತಿದಾಗ ನಟ್‌ಗೂ ಬ್ರಿಡ್ಜ್‌ಗೂ ನಡುವಿನ ತಂತಿ ಸಡಿಲವಾಗುತ್ತದೆ. ಕೀ ಕಡೆಯ ತುಂಡಿನಲ್ಲಿ ಬಿಗಿ ಇನ್ನೂ ಉಳಿದಿರುವುದರಿಂದ ಅದು ಕೂದಲೆಳೆಯಷ್ಟು ತಂತಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಬಿಟ್ಟ ಮೇಲೆ ಅಷ್ಟೂ ವಾಪಸ್ ಬರಬೇಕು. ನಟ್‌ನ ಕಚ್ಚು ಹಿಡಿದುಕೊಂಡರೆ ಬರುವುದಿಲ್ಲ, ಶ್ರುತಿ ಏರಿಯೇ ಇರುತ್ತದೆ. ಬ್ರಿಡ್ಜ್‌ನಲ್ಲಿ ಇದೇ ಉಲ್ಟಾ: ಬಿಗ್ಸ್‌ಬಿ ಬಿಟ್ಟುಕೊಟ್ಟ ತಂತಿ ಸ್ಯಾಡಲ್ ದಾಟಿ ಮುಂದೆ ಬರುತ್ತದೆ, ಪೂರ್ತಿ ಹಿಂದೆ ಹೋಗದಿದ್ದರೆ ಸಡಿಲ ಉಳಿಯುತ್ತದೆ. ಆರ್ಮ್ ಮೇಲಕ್ಕೆ ಎಳೆದು ಪರೀಕ್ಷಿಸಿದರೆ ಫಲ ತಿರುವುಮುರುವಾಗುತ್ತದೆ, ಹಾಗಾಗಿ ಒಂದೇ ದಿಕ್ಕಿನಲ್ಲಿ ಮಾಡಿ. ಹೊಸ ತಂತಿಯಾದರೆ ಮೊದಲು ಕೈಯಿಂದ ಎಳೆದೆಳೆದು ಹಿಗ್ಗಿಸಿಕೊಳ್ಳಿ, ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ.

ಮೂರು-ಮೂರು ಹೆಡ್‌ಸ್ಟಾಕ್ ಅಂದಿರಿ. ಅದರಲ್ಲಿ ಮೂರನೇ ಮತ್ತು ನಾಲ್ಕನೇ ತಂತಿ ನಟ್ ದಾಟಿದ ಕೂಡಲೇ ಪಕ್ಕಕ್ಕೆ ಹೆಚ್ಚು ಸೊಟ್ಟಗೆ ಹೋಗುತ್ತವೆ, ಸಿಕ್ಕಿಕೊಳ್ಳುವುದೂ ಅವೇ. ಶ್ರುತಿ ಮಾಡುವಾಗ "ಟಿಂಕ್" ಅಂತ ಸದ್ದು ಬಂದರೆ ಅನುಮಾನವೇ ಬೇಡ. ನಿಮ್ಮ ಸೆಟ್‌ನಲ್ಲಿ ಮೂರನೆಯದು 0.43 ಮಿ.ಮೀ., ನಾಲ್ಕನೆಯದು 0.66 ಮಿ.ಮೀ. ಕಚ್ಚು ಅದಕ್ಕಿಂತ 0.05 ಮಿ.ಮೀ.ನಷ್ಟು ಅಗಲ ಇರಲಿ, ಕೀ ಕಡೆಯ ಬಾಯಿಯನ್ನು ಮಾತ್ರ ಕೀ ಇರುವ ದಿಕ್ಕಿಗೆ ಸ್ವಲ್ಪ ತೆರೆಯಿರಿ. ಅರ ಕೆಳಕ್ಕೆ ಒತ್ತಬೇಡಿ, ಪಕ್ಕಕ್ಕಷ್ಟೇ. ತಳ ಒಂದು ಸಲ ಆಳವಾದರೆ ತೆರೆದ ತಂತಿ ಮೊದಲ ಫ್ರೆಟ್ ಮೇಲೆ ಗುಂಯ್‌ಗುಡುತ್ತದೆ, ಹೊಸ ನಟ್ಟೇ ಗತಿ. ಕೊನೆಗೆ ಮೆತ್ತನೆ ಪೆನ್ಸಿಲ್‌ನ ಸೀಸ ತುಂಬಿ.

ಮೂಲೆಮಟ್ಟ:
ನಟ್ ಬಗ್ಗೆ ಒಪ್ಪಿದೆ. ಬ್ರಿಡ್ಜ್‌ನಲ್ಲಿ ಜನ ಸ್ಯಾಡಲ್ ಒಂದನ್ನೇ ದೂರುತ್ತಾರೆ, ಆದರೆ ಎಷ್ಟೋ ಸಲ ಇಡೀ ಬ್ರಿಡ್ಜೇ ಪೋಸ್ಟ್ (ಅದನ್ನು ಹೊತ್ತು ನಿಂತ ಎರಡು ಕಂಬ) ಮೇಲೆ ಅಲ್ಲಾಡುತ್ತಿರುತ್ತದೆ. ಪೋಸ್ಟ್‌ಗಿಂತ ಬ್ರಿಡ್ಜ್‌ನ ತೂತು ದೊಡ್ಡದಿದ್ದರೆ ಆರ್ಮ್ ಒತ್ತಿದಾಗ ಅದು ನೆಕ್ ಕಡೆ ವಾಲಿ, ಬಿಟ್ಟಾಗ ಅಲ್ಲೇ ಕೂರುತ್ತದೆ. ಗುರುತು ಸುಲಭ: ಒಂದು ತಂತಿಯಲ್ಲ, ಎಲ್ಲವೂ ಒಟ್ಟಿಗೆ ಇಳಿದಿರುತ್ತವೆ. ಸಣ್ಣ ಸ್ಟೀಲ್ ಸ್ಕೇಲನ್ನು ಬ್ರಿಡ್ಜ್ ಬೆನ್ನಿಗೆ ನಿಲ್ಲಿಸಿ, ಆರ್ಮ್ ಒತ್ತಿ ನೋಡಿ. ನಡುವೆ ಬೆಳಕು ಕಂಡು, ಬಿಟ್ಟ ಮೇಲೂ ಹಾಗೇ ಉಳಿದರೆ ಕಳ್ಳ ಸಿಕ್ಕಿಬಿದ್ದ.

ಈ ಓಲಾಟವೇ ಬೇಕೆಂದು ಮಾಡಿದ ವಿನ್ಯಾಸಗಳೂ ಇವೆ. 1958ರ ಫೆಂಡರ್ ಜಾಝ್‌ಮಾಸ್ಟರ್‌ನ ಬ್ರಿಡ್ಜ್ ಮೊನಚು ಸ್ಕ್ರೂಗಳ ಮೇಲೆ ನಿಂತು ತಂತಿಯ ಜೊತೆ ಹಿಂದೆ ಮುಂದೆ ಓಲಾಡುತ್ತದೆ. ಅಲ್ಲಿ ತಂತಿ ಸ್ಯಾಡಲ್ ಮೇಲೆ ಜಾರಬೇಕಿಲ್ಲ, ಸ್ಯಾಡಲ್ಲೇ ತಂತಿಯ ಜೊತೆ ಹೋಗುತ್ತದೆ. ಟ್ಯೂನ್-ಓ-ಮ್ಯಾಟಿಕ್‌ಗೆ ಆ ನಯ ಇಲ್ಲ, ಅರೆಬರೆ ಸಡಿಲ ಅಷ್ಟೇ. ಒಂದೋ ಪೂರ್ತಿ ಓಲಾಡಬೇಕು, ಇಲ್ಲವೇ ಅಲ್ಲಾಡಲೇಬಾರದು.

ತಾತ್ಕಾಲಿಕವಾಗಿ ಪೋಸ್ಟ್‌ಗೆ ನಲ್ಲಿ ಕೆಲಸದ ಬಿಳಿ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿ ನೋಡಿ. ಗುಣ ಕಂಡರೆ ಪಕ್ಕದಲ್ಲಿ ಸಣ್ಣ ಆಲನ್ ಸ್ಕ್ರೂ ಇದ್ದು ಪೋಸ್ಟನ್ನು ಒತ್ತಿ ಹಿಡಿಯುವ ಬ್ರಿಡ್ಜ್ ತಗೊಳ್ಳಿ. ಟೋನ್‌ಪ್ರೋಸ್‌ನವರದು ಈ ಬಗೆಯದು.

ಕೂರುತ್ತಾ ಅನ್ನೋದಕ್ಕೆ ವರ್ನಿಯರ್ ಕ್ಯಾಲಿಪರ್ ಹಿಡಿದು ನಾಲ್ಕು ಅಳತೆ ಬೇಕು. ಪೋಸ್ಟ್ ನಡುವಿನಿಂದ ನಡುವಿಗೆ (ಸಾಮಾನ್ಯವಾಗಿ 74 ಮಿ.ಮೀ. ಹತ್ತಿರ), ಪೋಸ್ಟ್‌ನ ದಪ್ಪ, ಆರನೇ ತಂತಿಯಿಂದ ಒಂದನೆಯದಕ್ಕೆ ಸ್ಯಾಡಲ್ ಮೇಲಿನ ಅಂತರ, ಬ್ರಿಡ್ಜ್‌ನ ಎತ್ತರ. ಎಡವುವುದು ಪೋಸ್ಟ್‌ನಲ್ಲೇ: ಹಳೆಯ ಎಬಿಆರ್-1 ಮಾದರಿಯಲ್ಲಿ ಸಣ್ಣ ಪೋಸ್ಟ್ ನೇರ ಮರಕ್ಕೆ ಇಳಿದಿರುತ್ತದೆ, ನ್ಯಾಶ್‌ವಿಲ್‌ನಲ್ಲಿ ಮರದೊಳಗೆ ಬುಷ್ (ಪೋಸ್ಟ್ ತಿರುಗಿ ಇಳಿಯುವ ಲೋಹದ ಕೊಳವೆ) ಇರುತ್ತದೆ. ಇಂಚಿನ ಮರೆಗೂ (ಸ್ಕ್ರೂನ ಸುರುಳಿ ಗೆರೆಗೂ) ಮಿಲಿಮೀಟರ್ ಮರೆಗೂ ಹೊಂದುವುದಿಲ್ಲ, ಮೊದಲ ಎರಡು ಸುತ್ತು ಹೋಯಿತು ಅಂತ ಒತ್ತಿ ತಿರುಗಿಸಬೇಡಿ. ಜೊತೆಗೆ ಫ್ರೆಟ್‌ಬೋರ್ಡ್‌ನ ಉಬ್ಬು ನೋಡಿ. ಈ ಬಗೆಯ ರೋಲರ್ ಬ್ರಿಡ್ಜ್ ಹೆಚ್ಚಾಗಿ 12 ಇಂಚು ರೇಡಿಯಸ್‌ಗೆ ಬರುತ್ತದೆ. ನಿಮ್ಮದು 9.5 ಆಗಿದ್ದರೆ ನಡುವಿನ ತಂತಿಗಳು ತಗ್ಗಿ ಕೂರುತ್ತವೆ.

ಸ್ಪ್ರಿಂಗ್‌ಬಟ್ಟಲು:
ರೋಲರ್ ಬೇಕೋ ಬೇಡವೋ ಅಂತ ತೀರ್ಮಾನಿಸುವುದು ತಂತಿ ಬ್ರಿಡ್ಜ್ ಹಿಂದೆ ಇಳಿಯುವ ಕೋನ. ಬಿ-7ರಲ್ಲಿ ತಂತಿ ಮುಂದಿನ ಅಡ್ಡ ರೋಲರ್ ಕೆಳಗೆ ನುಸುಳಿ ಹೋಗುವುದರಿಂದ ಕೋನ ಕಡಿದು. ಸ್ಯಾಡಲ್ ಮೇಲಿನ ಒತ್ತಡ 10 ಡಿಗ್ರಿಯಲ್ಲಿ ತಂತಿಯ ಬಿಗಿಯ ಸುಮಾರು ಶೇ. 17, 20 ಡಿಗ್ರಿಯಲ್ಲಿ ಶೇ. 34. ಒತ್ತಡ ಹೆಚ್ಚಿದಷ್ಟೂ ಘರ್ಷಣೆ. ಹೀಗಿರುವಲ್ಲಿ ರೋಲರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕೋನ ತೀರಾ ಚಪ್ಪಟೆಯಿದ್ದರೆ ರೋಲರ್ ತನ್ನ ಕಂಬಿಯ ಮೇಲೆ ಗಟ್ಟಿ ಕೂರದೆ ಗಿಲಿಗಿಲಿ ಅನ್ನುತ್ತದೆ. ರೋಲರ್‌ನಿಂದ ನಾದ ಕೆಡುತ್ತೆ ಅನ್ನುವ ದೂರಿನ ಮೂಲ ಬಹುಪಾಲು ಈ ಸಡಿಲ, ರೋಲರ್ ಅನ್ನೋ ತತ್ತ್ವ ಅಲ್ಲ. ಕೊಂಡ ಮೇಲೆ ಪ್ರತಿ ರೋಲರನ್ನೂ ಉಗುರಿನಿಂದ ತಿರುಗಿಸಿ, ಪಕ್ಕಕ್ಕೆ ಅಲ್ಲಾಡಿಸಿ. ತಿರುಗಬೇಕು, ಅಲ್ಲಾಡಬಾರದು.

ಬಿ-7ರ ಆ ಅಡ್ಡ ರೋಲರನ್ನೂ ಮರೆಯಬೇಡಿ. ಕೈಬೆವರಿನ ಕೊಳೆ ಸೇರಿ ಅದು ತಿರುಗದೇ ನಿಂತಿದ್ದರೆ ಬ್ರಿಡ್ಜ್ ಎಂಥದ್ದು ಹಾಕಿದರೂ ಅಷ್ಟೇ. ಎರಡು ತುದಿಗೂ ಸೂಜಿಮೊನೆಯಷ್ಟು ಎಣ್ಣೆ ಸಾಕು, ಚೆಲ್ಲಿದ್ದನ್ನು ಒರೆಸಿ.

ಬರೀ ಸ್ಯಾಡಲ್ ಬದಲಿಸುವುದೂ ಒಳ್ಳೆ ದಾರಿಯೇ. ಗ್ರಾಫ್‌ಟೆಕ್‌ನ ಟೆಫ್ಲಾನ್ ಬೆರೆತ ಸ್ಯಾಡಲ್‌ಗಳು ಜಾರಿಕೆ ಕೊಡುತ್ತವೆ, ಗಿಲಿಗಿಲಿಯ ಚಿಂತೆ ಇಲ್ಲ. ನಾನಾದರೆ ಮೊದಲು ಇದನ್ನೇ ಹಾಕಿಸುತ್ತೇನೆ. ಮೀಟಿದಾಗಿನ ಚುರುಕು ಒಂದಿಷ್ಟು ಮೃದುವಾಗುತ್ತದೆ, ಅದು ಇಷ್ಟವಾಗದವರಿಗೆ ಲೋಹದ ರೋಲರ್ ಸರಿ.

ಆರುತಂತಿ:
ಪರೀಕ್ಷೆ ಮಾಡಿದೆ. ಮೂರನೆಯದು ಏರಿ ನಿಲ್ಲುತ್ತಿತ್ತು, ಕಚ್ಚು ಬಿಡಿಸಿ ಸೀಸ ತುಂಬಿದ ಮೇಲೆ ಸರಿಹೋಯಿತು. ಈಗ ಆರೂ ತಂತಿ ಒಂದೇ ಸಮ ಇಳಿಯುತ್ತವೆ. ಪೋಸ್ಟ್‌ಗೂ ತೂತಿಗೂ 0.4 ಮಿ.ಮೀ. ವ್ಯತ್ಯಾಸ ಇದೆ. ಟೇಪ್ ಸುತ್ತಿದರೆ ಮುಕ್ಕಾಲು ಪಾಲು ಗುಣ. ಲಾಕ್ ಆಗುವ ಬ್ರಿಡ್ಜ್ ನೋಡಿದೆ, ಅದರ ಪೋಸ್ಟ್‌ನ ಮರೆ ಬೇರೆ. ಬುಷ್ ಕೀಳಬೇಕಾ?

ಮೂಲೆಮಟ್ಟ:
ಬೇಡ. ನಿಮ್ಮ ಬುಷ್‌ನ ಮರೆಗೆ ಹೊಂದಿ, ಮೇಲ್ಭಾಗ ಹೊಸ ಬ್ರಿಡ್ಜ್‌ನ ಅಳತೆಗಿರುವ ಪೋಸ್ಟ್ ಬಿಡಿಯಾಗಿ ಸಿಗುತ್ತದೆ, ಅದನ್ನೇ ಹುಡುಕಿ. ಕೀಳಲೇಬೇಕಾದರೆ ಇಕ್ಕಳ ಹಾಕಿ ಮೀಟಬೇಡಿ, ಬಣ್ಣ ಎದ್ದು ಬರುತ್ತದೆ. ಬುಷ್ ತಳದ ಮರ ಕಾಣುವಂತಿದ್ದರೆ ಒಳಗೆ ಸಣ್ಣ ಉಕ್ಕಿನ ತುಂಡು ಬಿಟ್ಟು ಪೋಸ್ಟ್ ತಿರುಗಿಸುತ್ತಾ ಹೋಗಿ, ಬುಷ್ ತಾನೇ ಮೇಲೇಳುತ್ತದೆ. ಆಮೇಲೆ ತೂತಿನ ಗೋಡೆ ನೋಡಿ: ಕೆಲವು ಗಿಟಾರ್‌ಗಳಲ್ಲಿ ಅರ್ತ್ ವೈರ್ ಅಲ್ಲಿಗೇ ಬಂದಿರುತ್ತದೆ. ಬುಷ್ ಕೂರಿಸುವಾಗ ಆ ವೈರ್ ಮಡಿಚಿ ಒಳಗಿಡದೆ ಹೋದರೆ ತಂತಿ ಮುಟ್ಟಿದಾಗ ಹಮ್ ಕಮ್ಮಿಯಾಗುವುದು ನಿಂತುಹೋಗುತ್ತದೆ. ನಿಮ್ಮ ವೈರ್ ಬಿಗ್ಸ್‌ಬಿ ಕೆಳಗಿದ್ದರೆ ಚಿಂತೆಯಿಲ್ಲ. ಮಲ್ಟಿಮೀಟರ್‌ನ ಒಂದು ಕಡ್ಡಿ ತಂತಿಗೆ, ಇನ್ನೊಂದು ಜ್ಯಾಕ್‌ನ ಹೊರಮೈಗೆ ಇಟ್ಟು ಬೀಪ್ ಕೇಳಿಸಿಕೊಂಡೇ ಮುಂದುವರಿಯಿರಿ.

ಫ್ರೆಟ್‌ಅರ:
ಹಳೆ ಬ್ರಿಡ್ಜ್ ತೆಗೆಯುವ ಮುಂಚೆ ಪೋಸ್ಟ್ ಎತ್ತರ ಬರೆದುಕೊಳ್ಳಿ. ಹೊಸದು ಕೂತ ಮೇಲೆ 12ನೇ ಫ್ರೆಟ್‌ನಲ್ಲಿ ಆರನೇ ತಂತಿ 2 ಮಿ.ಮೀ., ಒಂದನೆಯದು 1.5 ಮಿ.ಮೀ. ಇಟ್ಟು ಶುರು ಮಾಡಿ. ಇಂಟೋನೇಷನ್ (ಫ್ರೆಟ್ ಒತ್ತಿದಾಗಲೂ ಸ್ವರ ಸರಿ ಬರುವಂತೆ ಸ್ಯಾಡಲ್ ಸರಿಸುವುದು) ಎತ್ತರ ಮುಗಿದ ಮೇಲೆ. ಮೊದಲ ತಂತಿಯ ಸ್ಯಾಡಲ್ 12ನೇ ಫ್ರೆಟ್‌ನಿಂದ 314 ಮಿ.ಮೀ.ಗಿಂತ ಒಂದೆರಡು ಮಿ.ಮೀ. ಹಿಂದೆ, ಆರನೆಯದು ಮೂರು ನಾಲ್ಕು ಹಿಂದೆ, ಆಮೇಲೆ ಟ್ಯೂನರ್ ನೋಡಿ ತಿದ್ದಿ. 12ನೇ ಫ್ರೆಟ್ ಒತ್ತಿದ ಸ್ವರ ಅಲ್ಲಿಯದೇ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರಕ್ಕಿಂತ) ಏರಿದ್ದರೆ ಸ್ಯಾಡಲ್ ಹಿಂದಕ್ಕೆ. ಪ್ರತಿ ಸಲ ಸರಿಸುವಾಗಲೂ ತಂತಿ ಸಡಿಲಿಸಿ. ಬಿಗಿ ಇರುವಾಗಲೇ ಸ್ಕ್ರೂ ತಿರುಗಿಸಿದರೆ ಅದರ ತಲೆಯ ಕಚ್ಚು ಸವೆದುಹೋಗುತ್ತದೆ. ಲಾಕ್ ಸ್ಕ್ರೂ ಬಿಗಿಸುವುದು ಇದೆಲ್ಲ ಮುಗಿದ ಮೇಲೆ, ಬ್ರಿಡ್ಜ್ ನೆಟ್ಟಗೆ ನಿಂತಿದೆ ಅಂತ ಸ್ಕೇಲ್ ಹಿಡಿದು ಮತ್ತೊಮ್ಮೆ ನೋಡಿ.