ಕೊರಿಯನ್ ಹೆಸರಿನ ಫೈಲ್ ಕಣ್ಣೆದುರೇ ಇದೆ, ಸ್ಕ್ರಿಪ್ಟ್ ಮಾತ್ರ 'ಇಲ್ಲ' ಅನ್ನುತ್ತೆ!!

ರಾತ್ರಿಪಾಳಿ: ಮೂರು ದಿನದಿಂದ ತಲೆ ಚಿಟ್ಟು ಹಿಡಿದಿದೆ. ಕೊರಿಯನ್ ಸೀರಿಯಲ್‌ಗಳ ಸಬ್‌ಟೈಟಲ್ ಫೈಲುಗಳಿವೆ, ಹೆಸರುಗಳ ಪಟ್ಟಿ ನಾನೇ ಟೈಪ್ ಮಾಡಿದ್ದು. ಪಕ್ಕಪಕ್ಕ ಇಟ್ಟರೆ ಒಂದು ಗೆರೆಯೂ ಹೆಚ್ಚುಕಮ್ಮಿ ಇಲ್ಲ. ಪೈಥಾನ್ ಮಾತ್ರ ಎರಡೂ ಬೇರೆ ಅನ್ನುತ್ತೆ. ಯಾರಾದ್ರೂ ಹೇಳಿ.

ಹಳೇಬೇರು: ಸಿಪಿ949 ಇರುತ್ತೆ, ವಿಂಡೋಸ್‌ನ ಕೊರಿಯನ್ ಅಕ್ಷರ-ಸಂಕೇತ. ನೀವು ಯುನಿಕೋಡ್‌ನ ಯುಟಿಎಫ್-8 ಅಂದ್ಕೊಂಡು ಓದ್ತಿದ್ದೀರಿ.

ರಾತ್ರಿಪಾಳಿ: ಹಾಗಿದ್ರೆ ಕಸಕಸ ಕಾಣ್ಬೇಕಿತ್ತಲ್ಲ ಸಾರ್? ಅಕ್ಷರ ಚೆನ್ನಾಗೇ ಕಾಣ್ತಿದೆ.

ಹಳೇಬೇರು: ಕೊರಿಯಾದ ಹಳೇ ಸಂಕೇತ-ಪಟ್ಟಿ ಕೆಎಸ್ ಸಿ 5601ರಲ್ಲಿ ಕೊರಿಯನ್ ಲಿಪಿಯ ಇಡೀ ಅಕ್ಷರ ಇದ್ದದ್ದೇ 2350. ಉಳಿದ 8822 ಸೇರಿಸಿದ್ದು ಸಿಪಿ949. ಎಲ್ಲ ಗೊಂದಲದ ಬೇರೂ ಅಲ್ಲೇ. ಮೊದಲು ಅದರಲ್ಲಿ ತೆರೆದು ನೋಡಿ, ಆಮೇಲೆ ಮಾತಾಡಿ.

ಕಾಫಿಲೋಟ: ಎರಡರದ್ದೂ ಲೆನ್, ಅಂದ್ರೆ ಹೆಸರಿನ ಉದ್ದ, ಪ್ರಿಂಟ್ ಮಾಡಿ.

ರಾತ್ರಿಪಾಳಿ: 'ಹಾನ್‌ಗುಲ್' ಅನ್ನೋ ಫೈಲಿಗೆ, ಎಕ್ಸ್‌ಟೆನ್ಶನ್ ಬಿಟ್ಟು, ಪಟ್ಟಿಯಲ್ಲಿ 2, ಫೋಲ್ಡರಲ್ಲಿ 6!!

ಕಾಫಿಲೋಟ: ಫೈಲ್ ಮ್ಯಾಕ್‌ನಿಂದ ಬಂತಾ?

ರಾತ್ರಿಪಾಳಿ: ಹೂಂ, ಅಕ್ಕನ ಹಳೇ ಮ್ಯಾಕ್. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಾಫಿಲೋಟ: ಮೊದಲೇ ಹೇಳೋದಲ್ವಾ ಮಾರಾಯ್ರೆ! ಅದರ ಫೈಲ್ ಇಡೋ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಹೆಸರನ್ನ ಬಿಡಿಸಿ ಇಡುತ್ತೆ. 'ಹಾನ್' ಅಂದ್ರೆ ಹ್, ಆ, ನ್ ಅಂತ ಮೂರು ಬಿಡಿ ಜಾಮೊ (ಕೊರಿಯನ್ ಲಿಪಿಯ ಬಿಡಿ ಸ್ವರ-ವ್ಯಂಜನ). ನೀವು ಟೈಪ್ ಮಾಡಿದ್ದು ಇಡೀ ಉಂಡೆ, ಅದಕ್ಕೆ ಯುನಿಕೋಡ್‌ನಲ್ಲಿ ಒಂದೇ ಸಂಖ್ಯೆ. ಮೊದಲ ವ್ಯಂಜನ 19, ಸ್ವರ 21, ಕೊನೆಯದು 28 (ಏನೂ ಇಲ್ಲದ್ದೂ ಸೇರಿ), ಗುಣಿಸಿದ್ರೆ 11172 ಉಂಡೆ. 'ಹಾನ್' ಲೆಕ್ಕ (ಸೊನ್ನೆಯಿಂದ ಎಣಿಸಿದ್ರೆ ಹ್ 18, ಆ 0, ನ್ 4): (18×21+0)×28+4 = 10588, ಉಂಡೆಗಳು ಶುರುವಾಗೋ ಸಂಖ್ಯೆ 44032 ಕೂಡಿಸಿದ್ರೆ 54620. ಫಾಂಟು ಎರಡನ್ನೂ ಒಂದೇ ಥರ ಬರೆಯುತ್ತೆ, ಕಣ್ಣಿಗೆ ಗೊತ್ತಾಗೋದೇ ಇಲ್ಲ. ಎರಡೂ ಕಡೆ ಎನ್‌ಎಫ್‌ಸಿ ಮಾಡಿ, ಅಂದ್ರೆ ತುಂಡುಗಳನ್ನ ಕೂಡಿಸಿ ಉಂಡೆ ಮಾಡೋ ಯುನಿಕೋಡ್ ರೂಪ.

ದೋಸೆಕಾವಲಿ: ಅವರಿಗೆ 11172 ಜಾಗ, ನಮ್ಮ 'ಕ್ಷ'ಗೆ ಒಂದೂ ಇಲ್ಲ. ಅನ್ಯಾಯ ಕಣ್ರೀ.

ಕಾಫಿಲೋಟ: ಕಾಗುಣಿತ, ಒತ್ತು, ಒತ್ತಿನ ಮೇಲೊತ್ತು ಎಲ್ಲ ಕೂತು ಎಣಿಸಿ, ಆಮೇಲೆ ಅನ್ಯಾಯ ಅನ್ನಿ. ಅಂದಹಾಗೆ ಈ ಕಾಟ ಕನ್ನಡಕ್ಕೂ ಇದೆ. 'ಕೋ'ದಲ್ಲಿರೋ ಓಕಾರದ ಚಿಹ್ನೆ ಬಿಡಿಸಿ ಇಡೋ ಎನ್‌ಎಫ್‌ಡಿ ರೂಪದಲ್ಲಿ ಮೂರು ತುಂಡು.

ದೋಸೆಕಾವಲಿ: ಎಣಿಸಲ್ಲ. ನನ್ನ ಮೆಕ್ಯಾನಿಕಲ್ ಕೀಬೋರ್ಡಿಗೆ ಕನ್ನಡ ಕೀಕ್ಯಾಪ್ ಹಾಕ್ಸಿದೀನಿ, ಫೋಟೋ ಹಾಕ್ಲಾ?

ಹಳೇಬೇರು: ಸ್ವಿಚ್ ಯಾವುದು? ನಂದು ಬ್ರೌನ್. (ಆದ್ರೂ ಒಂದ್ಸಲ ಸಿಪಿ949 ನೋಡಿ.)

ರಾತ್ರಿಪಾಳಿ: ಪಟ್ಟಿ ಮುಟ್ಟಲಿಲ್ಲ, ಫೈಲ್ ಹೆಸರಿಗಷ್ಟೇ ಎನ್‌ಎಫ್‌ಕೆಸಿ ಹಾಕಿದೆ, ಎಲ್ಲ ಕೂತ್ಕೊಂತು! ಮೂರು ಮಾತ್ರ ಇನ್ನೂ ಸಿಗ್ತಿಲ್ಲ. ಮೂರರ ಕೊನೆಗೂ ಕೊರಿಯನ್ನರು ನಗೋಕೆ ಹಾಕ್ತಾರಲ್ಲ, 'ಖ್‌ಖ್‌ಖ್', ಅದಿದೆ.

ಕಾಫಿಲೋಟ: ಮಧ್ಯ 'ಕೆ' ಯಾಕೆ ತೂರಿಸಿದ್ರಿ? ಆ ನಗುವಿನ ಖ್ ಬೇರೆ ಜಾಗದ ಜಾಮೊ, ಹಳೇ ಕೋಡ್‌ಗಳ ಜೊತೆ ಹೊಂದಿಕೊಳ್ಳೋಕೆ ಇಟ್ಟದ್ದು. ಎನ್‌ಎಫ್‌ಸಿ ಅದನ್ನ ಮುಟ್ಟಲ್ಲ, ಎನ್‌ಎಫ್‌ಕೆಸಿ ಮಾಮೂಲಿ ಜಾಮೊಗೆ ಬದಲಾಯಿಸಿಬಿಡುತ್ತೆ. ಪಟ್ಟಿಯಲ್ಲಿ ಹಳೇದೇ ಉಳೀತು, ಅದಕ್ಕೇ ಆ ಮೂರು ಸಿಗ್ತಿಲ್ಲ.

ದೋಸೆಕಾವಲಿ: ಫೋಟೋ ಹಾಕಿದೀನಿ. 'ಳ' ಕೀ ನೋಡಿ, ಸ್ವಲ್ಪ ಸೊಟ್ಟ ಬಂದಿದೆ.