ಫಿಲೋಡಿಸ್ ಗೆಡ್ಡೆ: ಮೈಟೋಸಿಸ್ 10 ದಾಟಿದರೆ ಮ್ಯಾಲಿಗ್ನೆಂಟ್ ಎನ್ನಬಹುದೇ?

ಸ್ಲೈಡ್‌ಡಬ್ಬಿ (ಪ್ರಶ್ನೆ)
ಸ್ತನದಲ್ಲಿ 7 ಸೆಂ.ಮೀ. ಗೆಡ್ಡೆ, ವಯಸ್ಸು 45ರ ಆಸುಪಾಸು. ಕೋರ್ ಬಯಾಪ್ಸಿಯಲ್ಲಿ (ದಪ್ಪ ಸೂಜಿಯಿಂದ ತೆಗೆದ ತುಂಡಿನ ಪರೀಕ್ಷೆ) ‘ಫೈಬ್ರೋಎಪಿಥೀಲಿಯಲ್ ಲೀಸನ್, ಫಿಲೋಡಿಸ್ ಇರಬಹುದು’ ಎಂದಷ್ಟೇ ಬಂದಿತ್ತು, ಅಂದರೆ ನಾರಿನ ಅಂಗಾಂಶವೂ ಒಳಪದರದ ಕೋಶವೂ (ಎಪಿಥೀಲಿಯಂ) ಸೇರಿ ಬೆಳೆದ, ಎಲೆಯಾಕಾರದ ಮಡಿಕೆಗಳ ಗೆಡ್ಡೆ ಇರಬಹುದು ಎಂದು. ಪೂರ್ತಿ ತೆಗೆದ ಗೆಡ್ಡೆಯಲ್ಲಿ 10 ಹೈ ಪವರ್ ಫೀಲ್ಡಿಗೆ (40ರ ಆಬ್ಜೆಕ್ಟಿವ್‌ನಲ್ಲಿ ಕಾಣುವ ವೃತ್ತ) 12 ಮೈಟೋಸಿಸ್ (ವಿಭಜನೆಯಾಗುತ್ತಿರುವ ಕೋಶ) ಸಿಗುತ್ತಿವೆ. ಸ್ಟ್ರೋಮಾದ (ನಾರಿನ ಭಾಗ) ದಟ್ಟಣೆ ಮಧ್ಯಮ, ಅಟಿಪಿಯಾ (ಕೋಶಗಳ ಅಸಹಜ ರೂಪ) ಮಧ್ಯಮ. ಅಂಚು ಬಹುಪಾಲು ದುಂಡಗಿದೆ, ಒಂದು ಕಡೆ ಮಾತ್ರ ಕೊಬ್ಬಿನೊಳಗೆ ನುಗ್ಗಿದೆ. ಇಷ್ಟಕ್ಕೇ ಮ್ಯಾಲಿಗ್ನೆಂಟ್ (ಕ್ಯಾನ್ಸರ್) ಎಂದು ಬರೆಯಬಹುದೇ? ಇಮ್ಯುನೋ (ಕೋಶದ ಪ್ರೋಟೀನ್‌ಗಳನ್ನು ಬಣ್ಣದಿಂದ ಗುರುತಿಸುವ ಪರೀಕ್ಷೆ) ಬೇಕೇ? ಕೋರ್‌ನಲ್ಲೇ ಏಕೆ ತಿಳಿಯಲಿಲ್ಲ ಎಂದು ಸರ್ಜನ್ ಕೇಳಿದರೆ ಏನು ಹೇಳುವುದು?

ಫೀಲ್ಡ್‌ನಂಬರ್22
ಬರೆಯಬೇಡಿ. 2019ರ ಡಬ್ಲ್ಯುಎಚ್‌ಒ ವರ್ಗೀಕರಣದ ಪ್ರಕಾರ ಐದೂ ಲಕ್ಷಣ ಒಟ್ಟಿಗೆ ಇರಬೇಕು: ಸ್ಟ್ರೋಮಾದ ತೀವ್ರ ದಟ್ಟಣೆ, ತೀವ್ರ ಅಟಿಪಿಯಾ, 10 ಫೀಲ್ಡಿಗೆ 10 ಅಥವಾ ಹೆಚ್ಚು ಮೈಟೋಸಿಸ್, ಸ್ಟ್ರೋಮಲ್ ಓವರ್‌ಗ್ರೋತ್ (ಎಪಿಥೀಲಿಯಂ ಇಲ್ಲದೆ ಸ್ಟ್ರೋಮಾ ಮಾತ್ರ ಬೆಳೆದಿರುವುದು), ನುಗ್ಗುವ ಅಂಚು. ಕೆಲವು ಮಾತ್ರ ಇದ್ದರೆ ಅದು ಬಾರ್ಡರ್‌ಲೈನ್ (ನಡುವಿನ ಶ್ರೇಣಿ). ಇದಕ್ಕೆ ಹೊರತಾದದ್ದು ಒಂದೇ: ಆಸ್ಟಿಯೋಸಾರ್ಕೋಮಾ, ಕಾಂಡ್ರೋಸಾರ್ಕೋಮಾದಂಥ (ಮೂಳೆ, ಮೃದ್ವಸ್ಥಿ ಬಗೆಯ ಕ್ಯಾನ್ಸರ್) ಅಂಶ ಕಂಡರೆ ಅಷ್ಟೇ ಸಾಕು, ಉಳಿದವು ಇಲ್ಲದಿದ್ದರೂ ಮ್ಯಾಲಿಗ್ನೆಂಟ್. ಆದರೆ ವೆಲ್ ಡಿಫರೆನ್ಷಿಯೇಟೆಡ್ ಲೈಪೋಸಾರ್ಕೋಮಾದಂತೆ (ಸಹಜ ಕೊಬ್ಬನ್ನು ಹೋಲುವ ಕ್ಯಾನ್ಸರ್) ಕಾಣುವ ಭಾಗ ಒಂದೇ ಇದ್ದರೆ ಈಗ ಅದು ಸಾಲದು. ಹಳೆಯ ಪುಸ್ತಕ ನೋಡುವವರು ಇಲ್ಲಿ ಎಡವುತ್ತಾರೆ.

ಇನ್ನು ನಿಮ್ಮ 12. ಯಾವ ಮೈಕ್ರೋಸ್ಕೋಪಿನ 12? ಐಪೀಸಿನ ಮೇಲೆ ಬರೆದ ಫೀಲ್ಡ್ ನಂಬರನ್ನು ಆಬ್ಜೆಕ್ಟಿವ್‌ನ 40ರಿಂದ ಭಾಗಿಸಿದರೆ ಫೀಲ್ಡಿನ ವ್ಯಾಸ ಸಿಗುತ್ತದೆ. ಫೀಲ್ಡ್ ನಂಬರ್ 20 ಆದರೆ 0.5 ಮಿ.ಮೀ., 10 ಫೀಲ್ಡ್ ಸೇರಿ 1.96 ಚದರ ಮಿ.ಮೀ.; ಆಗ 12 ಎಂದರೆ ಚದರ ಮಿ.ಮೀ.ಗೆ 6.1. ಅದೇ 25 ಆದರೆ 10 ಫೀಲ್ಡಿಗೆ 3.07 ಚದರ ಮಿ.ಮೀ., 12 ಇಳಿದು 3.9 ಆಗುತ್ತದೆ. ಗಡಿ ಇರುವುದು ಚದರ ಮಿ.ಮೀ.ಗೆ 5ರಲ್ಲಿ, 2.5ಕ್ಕಿಂತ ಕಡಿಮೆ ಬಿನೈನ್ (ಕ್ಯಾನ್ಸರ್ ಅಲ್ಲದ) ಮಟ್ಟ. ಐಪೀಸ್ ಬದಲಾದರೆ ಶ್ರೇಣಿಯೇ ಬದಲಾಗುತ್ತದೆ. ವರದಿಯಲ್ಲಿ ಚದರ ಮಿ.ಮೀ. ಲೆಕ್ಕವನ್ನೇ ಕೊಡಿ.

ಸರಾಸರಿ ತೆಗೆಯಬೇಡಿ, ಅತಿ ಚುರುಕಾದ ಜಾಗದಲ್ಲೇ ಎಣಿಸಿ. ಮುದುಡಿ ಕಪ್ಪಾದ ನ್ಯೂಕ್ಲಿಯಸ್‌ಗಳನ್ನು ಸೇರಿಸಬೇಡಿ. ಫಾರ್ಮಲಿನ್ ತಡವಾದ ಮಾದರಿಯಲ್ಲಿ ಇವೇ ಹೆಚ್ಚು, ನಿಜವಾದ ಮೈಟೋಸಿಸ್ ಗುರುತಿಸುವುದೇ ಕಷ್ಟ.

ಹೋಳು_ಬ್ಲಾಕು
ಎಣಿಕೆಗೆ ಮೊದಲು, ಎಷ್ಟು ಬ್ಲಾಕ್ (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡು) ತೆಗೆದಿದ್ದೀರಿ? ಸೆಂ.ಮೀ.ಗೆ ಒಂದರಂತೆ ಕನಿಷ್ಠ 7 ಇರಬೇಕು. ಬಾರ್ಡರ್‌ಲೈನ್-ಮ್ಯಾಲಿಗ್ನೆಂಟ್ ನಡುವೆ ಅನುಮಾನ ಇರುವಾಗ ಇನ್ನೂ ಬೇಕು. ಗೆಡ್ಡೆ ಬಂದ ಕೂಡಲೇ ಅಂಚಿಗೆ ಇಂಕ್ ಹಚ್ಚಿ, 1 ಸೆಂ.ಮೀ. ಹೋಳು ಮಾಡಿ, ಹತ್ತು ಪಟ್ಟು 10% ಫಾರ್ಮಲಿನ್‌ನಲ್ಲಿ ಮುಳುಗಿಸಿ. ಇಡೀ ಗೆಡ್ಡೆಯನ್ನು ಹಾಗೇ ಡಬ್ಬಿಗೆ ಹಾಕಿದರೆ ನಡುಭಾಗಕ್ಕೆ ಫಾರ್ಮಲಿನ್ ತಲುಪುವಷ್ಟರಲ್ಲಿ ಅಲ್ಲಿನ ಅಂಗಾಂಶ ಹಾಳಾಗಿರುತ್ತದೆ. ಮಾಂಸದಂತೆ ಕಾಣುವ, ಎಲೆಸಂದುಗಳಿಲ್ಲದ ಗಟ್ಟಿ ಜಾಗಗಳಿಂದ ಬ್ಲಾಕ್ ತೆಗೆಯಿರಿ, ಸುತ್ತಲಿನ ಅಂಚು ಹೆಚ್ಚು ಇರಲಿ.

ಓವರ್‌ಗ್ರೋತ್ ಬಗ್ಗೆ ನೀವು ಬರೆದೇ ಇಲ್ಲ. 4ರ ಆಬ್ಜೆಕ್ಟಿವ್, 10ರ ಐಪೀಸ್. ಒಂದು ಪೂರ್ತಿ ಫೀಲ್ಡಿನಲ್ಲಿ ಎಪಿಥೀಲಿಯಂ ಒಂದೂ ಕಾಣದಿದ್ದರೆ ಓವರ್‌ಗ್ರೋತ್ ಇದೆ ಎಂದರ್ಥ. 

ಕೋರ್‌ನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಈ ಗೆಡ್ಡೆ ಎಲ್ಲ ಕಡೆ ಒಂದೇ ಬಗೆಯಲ್ಲ. ಒಂದು ಮೂಲೆ ಅಪ್ಪಟ ಫೈಬ್ರೋಅಡಿನೋಮಾದಂತೆ (ಸ್ತನದ ಸಾಮಾನ್ಯ ನಿರುಪದ್ರವಿ ಗೆಡ್ಡೆ), ಪಕ್ಕದ್ದು ಸಾರ್ಕೋಮಾದಂತೆ. ಸೂಜಿ ಎಲ್ಲಿ ಹೊಕ್ಕಿತೋ ಅಲ್ಲಿನದಷ್ಟೇ ಗೊತ್ತು. ಅಂಚು, ಓವರ್‌ಗ್ರೋತ್ ಎರಡೂ ಕೋರ್‌ಗೆ ಸರಿಯಾಗಿ ಸಿಗುವುದಿಲ್ಲ. ದಟ್ಟ ಸ್ಟ್ರೋಮಾ, ಅದರಲ್ಲಿ ಮೈಟೋಸಿಸ್, ಒಳಗೆ ಸಿಕ್ಕಿಬಿದ್ದ ಕೊಬ್ಬು, ಚೂರುಚೂರಾದ ತುಂಡು ಕಂಡರೆ ‘ಪೂರ್ತಿ ತೆಗೆಯಿರಿ’ ಎನ್ನುವುದೇ ಕೋರ್‌ನ ಕೆಲಸ. ಎಫ್‌ಎನ್‌ಎಸಿಯಿಂದ (ಸಣ್ಣ ಸೂಜಿಯಿಂದ ಕೋಶ ಹೀರಿ ನೋಡುವ ಪರೀಕ್ಷೆ) ಅದಕ್ಕೂ ಕಡಿಮೆ ನಿರೀಕ್ಷಿಸಿ.

ಕೆರಾಟಿನ್‌ಪ್ಯಾನೆಲ್
ನೀವು ವಿವರಿಸಿದ ಗೆಡ್ಡೆಯಲ್ಲಿ ಎಲೆಯಾಕಾರದ ಮಡಿಕೆಗಳೂ ಎರಡು ಪದರದ ಸಹಜ ಎಪಿಥೀಲಿಯಂ ಕೂಡ ಸ್ಪಷ್ಟವಾಗಿದ್ದರೆ ಇಮ್ಯುನೋ ಬೇಕಿಲ್ಲ. ಬೇಕಾಗುವುದು ಬರೀ ಸ್ಪಿಂಡಲ್ (ಕದಿರಿನಂತೆ ಉದ್ದನೆಯ) ಕೋಶಗಳೇ ಕಂಡಾಗ. ವಯಸ್ಕ ಸ್ತನದಲ್ಲಿ ಮ್ಯಾಲಿಗ್ನೆಂಟ್ ಸ್ಪಿಂಡಲ್ ಗೆಡ್ಡೆ ಎಂದರೆ ಮೆಟಾಪ್ಲಾಸ್ಟಿಕ್ ಕಾರ್ಸಿನೋಮಾ (ಎಪಿಥೀಲಿಯಂನಿಂದ ಹುಟ್ಟಿ ಬೇರೆ ರೂಪ ತಾಳಿದ ಕ್ಯಾನ್ಸರ್) ಎಂದೇ ಮೊದಲು ಶಂಕಿಸಬೇಕು. ಎಇ1/ಎಇ3 ಎಂಬ ಕೆರಾಟಿನ್ (ಎಪಿಥೀಲಿಯಂನ ಪ್ರೋಟೀನ್) ಮಾರ್ಕರ್ ಒಂದನ್ನೇ ಹಾಕಿ ‘ನೆಗೆಟಿವ್’ ಎಂದು ಬಿಟ್ಟರೆ ಕಾರ್ಸಿನೋಮಾ ತಪ್ಪಿಹೋಗುತ್ತದೆ. ಸಿಕೆ5/6, ಸಿಕೆ14, 34ಬೀಟಾಇ12, ಪಿ63 ಮಾರ್ಕರ್‌ಗಳೂ ಜೊತೆಗಿರಲಿ. ಇದರ ಇನ್ನೊಂದು ಮುಖ: ಮ್ಯಾಲಿಗ್ನೆಂಟ್ ಫಿಲೋಡಿಸ್‌ನ ಸ್ಟ್ರೋಮಾದಲ್ಲೂ ಅಲ್ಲಲ್ಲಿ ಕೆರಾಟಿನ್, ಪಿ63 ಹತ್ತಬಹುದು. ಸಿಡಿ34 ಎಂಬ ಮಾರ್ಕರ್ ಪಾಸಿಟಿವ್ ಆದರೆ ಕಾರ್ಸಿನೋಮಾ ವಿರುದ್ಧದ ಸಾಕ್ಷಿ, ಆದರೆ ಶ್ರೇಣಿ ಏರಿದಂತೆ ಫಿಲೋಡಿಸ್ ಅದನ್ನು ಕಳೆದುಕೊಳ್ಳುತ್ತದೆ. ಪಕ್ಕದಲ್ಲಿ ಡಿಸಿಐಎಸ್ (ನಾಳದೊಳಗೇ ಇರುವ ಆರಂಭಿಕ ಕ್ಯಾನ್ಸರ್) ಇದ್ದರೆ ಮೆಟಾಪ್ಲಾಸ್ಟಿಕ್ ಕಡೆಗೆ ತೂಕ. ಇಮ್ಯುನೋಗಿಂತ ಇನ್ನೂ ಹತ್ತು ಬ್ಲಾಕ್ ತೆಗೆದು ಒಂದು ಎಲೆಮಡಿಕೆ ಹುಡುಕುವುದು ಹಲವು ಬಾರಿ ಹೆಚ್ಚು ಫಲ ಕೊಡುತ್ತದೆ. ಎಂಇಡಿ12 ಜೀನಿನಲ್ಲಿ ಮ್ಯುಟೇಶನ್ ಸಿಕ್ಕರೆ ಫೈಬ್ರೋಎಪಿಥೀಲಿಯಲ್ ಎಂಬುದಕ್ಕೆ ಬಲ ಬರುತ್ತದೆ. ಫೈಬ್ರೋಅಡಿನೋಮಾದಲ್ಲೂ ಇರುವುದರಿಂದ ಶ್ರೇಣಿ ಹೇಳಲು ಅದು ಬಾರದು.

ಈ ಭೇದ ಹೆಸರಿಗಷ್ಟೇ ಅಲ್ಲ. ಮೆಟಾಪ್ಲಾಸ್ಟಿಕ್ ಆದರೆ ಕಂಕುಳ ಗ್ರಂಥಿಗಳನ್ನು ಪರೀಕ್ಷಿಸಬೇಕು, ಕೀಮೋ ಚರ್ಚೆಗೆ ಬರುತ್ತದೆ. ಫಿಲೋಡಿಸ್ ಹರಡುವುದು ರಕ್ತದ ಮೂಲಕ, ಮುಖ್ಯವಾಗಿ ಶ್ವಾಸಕೋಶಕ್ಕೆ. ಕಂಕುಳ ಗ್ರಂಥಿಗೆ ಅಪರೂಪ.

ಸ್ಲೈಡ್‌ಡಬ್ಬಿ
ಫೀಲ್ಡ್ ನಂಬರ್ 22, ಅಂದರೆ ಚದರ ಮಿ.ಮೀ.ಗೆ 5.05. ಬ್ಲಾಕ್ 4 ಮಾತ್ರ ಇವೆ. ಓವರ್‌ಗ್ರೋತ್ ಈವರೆಗೆ ಕಂಡಿಲ್ಲ. ಎಲೆಮಡಿಕೆ ಸ್ಪಷ್ಟ.

ಹೋಳು_ಬ್ಲಾಕು
ಹಾಗಾದರೆ ಉಳಿದ ಹೋಳುಗಳಿಗೆ ಹಿಂದಿರುಗಿ. ಹೊಸ ಬ್ಲಾಕ್‌ಗಳಲ್ಲೂ ಇದೇ ಚಿತ್ರವಿದ್ದರೆ ಬಾರ್ಡರ್‌ಲೈನ್. ಐದು ಲಕ್ಷಣಗಳನ್ನೂ ಒಂದೊಂದಾಗಿ ಬರೆಯಿರಿ. ಹತ್ತಿರದ ಅಂಚು ಎಷ್ಟು ಮಿ.ಮೀ. ಎಂಬುದೂ ಇರಲಿ, ಸರ್ಜನ್ ಮರುಶಸ್ತ್ರಚಿಕಿತ್ಸೆ ನಿರ್ಧರಿಸುವುದು ಅದರ ಮೇಲೆ. ‘ಸಿಸ್ಟೋಸಾರ್ಕೋಮಾ ಫಿಲೋಡಿಸ್’ ಎಂಬ 1838ರ ಹೆಸರನ್ನು ಮಾತ್ರ ಬಳಸಬೇಡಿ, ಸಾರ್ಕೋಮಾ ಎಂಬ ಪದ ನೋಡಿ ಮನೆಯವರು ಕಂಗಾಲಾಗುತ್ತಾರೆ. ಕಿದ್ವಾಯಿಗೋ ಟಾಟಾ ಮೆಮೋರಿಯಲ್‌ಗೋ ಎರಡನೇ ಅಭಿಪ್ರಾಯಕ್ಕೆ ಕಳಿಸುವುದಾದರೆ ಸ್ಲೈಡ್‌ಗಳ ಜೊತೆ ಬ್ಲಾಕ್, ಗ್ರಾಸ್ ವಿವರ (ಬರಿಗಣ್ಣಿಗೆ ಕಂಡದ್ದು), ಕೋರ್‌ನ ಸ್ಲೈಡ್ ಎಲ್ಲವನ್ನೂ ಕಳಿಸಿ.