386ನಾಗ ಬರದ 360 ಕೆಬಿ ಫ್ಲಾಪಿ ಎಕ್ಸ್‌ಟಿ ಓದವಲ್ಲದು

ಬೆಟಗೇರಿ_ಪ್ರೆಸ್:
ಗದಗದ ಪ್ರಿಂಟಿಂಗ್ ಪ್ರೆಸ್ಸಿನ ಹಳೇ ಎಕ್ಸ್‌ಟಿ ಪಿಸಿ. 5.25 ಇಂಚಿನ 360 ಕೆಬಿ ಡ್ರೈವ್, ಡಾಸ್ 3.3. ಬಾಜೂಕ ಅದಕ್ಕಿಂತ ಹೊಸಾ 386 ಪಿಸಿ, ಅದಕ್ಕ 1.2 ಎಂಬಿ ಡ್ರೈವ್. ಎಕ್ಸ್‌ಟಿ ಬರದದ್ದನ್ನ 386 ಛಲೋ ಓದತೈತಿ. ಅದೇ ಫ್ಲಾಪಿಗೆ 386ನಿಂದ ಫೈಲ್ ಹಾಕಿ ಒಯ್ದರ ಎಕ್ಸ್‌ಟಿಯೊಳಗ ಡೈರೆಕ್ಟರಿನ ಬರವಲ್ಲದು, ಇಲ್ಲಾ ಅರ್ಧ ಕಾಪಿ ಆಗಿ ‘ಸೆಕ್ಟರ್ ನಾಟ್ ಫೌಂಡ್’. ಎರಡೂ ಡ್ರೈವಿನ ಹೆಡ್ (ಓದೂ-ಬರಿಯೂ ಭಾಗ) ಸ್ವಚ್ಛ ಮಾಡಿ ಆಗೇತಿ. ಅಲೈನ್‌ಮೆಂಟ್, ಅಂದ್ರ ಹೆಡ್ ಕೂಡೂ ಜಾಗ, ತಪ್ಪೇತೇನ್ರಿ?

ಧಾರವಾಡ_34ಪಿನ್:
ಅಲೈನ್‌ಮೆಂಟ್ ಸ್ಕ್ರೂ ಮುಟ್ಟಬ್ಯಾಡ್ರಿ. ತೊಂದ್ರಿ ಹೆಡ್ಡಿನ ಅಗಲದ್ದು. 360 ಡ್ರೈವ್ 40 ಟ್ರ್ಯಾಕ್ (ಗುಂಡನ ಗೆರಿ) ಬರೀತೈತಿ, ಒಂದೊಂದು 0.33 ಮಿ.ಮೀ. ಅಗಲ. 1.2ರದು 80 ಟ್ರ್ಯಾಕ್, ಗೆರಿ ಸುಮಾರು 0.16 ಮಿ.ಮೀ. ಒಂದು ಬಿಟ್ಟು ಒಂದು ಟ್ರ್ಯಾಕ್ ಜಿಗಿದು ಅದೂ 40 ಮಾಡತೈತಿ ಖರೆ, ಆದ್ರ ಗೆರಿ ಸಣ್ಣದ ಉಳೀತೈತಿ. ದೊಡ್ಡ ಕುಂಟಿ ಹೊಡಿಯೂ ಕಡೆ ಎಡಿಕುಂಟಿ ಹೊಡದಂಗ: ನಡುವ ಹಸನ, ಎರಡೂ ಬದಿ ಹಳೇ ಕಸ. 386ನ ಹೆಡ್ಡು ನಡುವಿಂದಷ್ಟ ನೋಡತೈತಿ, ಎಕ್ಸ್‌ಟಿಯ ಅಗಲ ಹೆಡ್ಡಿಗೆ ಹೊಸದು ಹಳೇದು ಕೂಡೇ ಬರತಾವ. 386ನಾಗ ಮತ್ತ ಫಾರ್ಮ್ಯಾಟ್ ಮಾಡಿದ್ರೂ ಅಂಚಿನ ಕಸ ಹೋಗಂಗಿಲ್ಲ.

ಮೊದಲ ಫ್ಲಾಪಿ ಪೂರಾ ಅಳಸ್ರಿ. ಕ್ಯಾಸೆಟ್ ಅಳಸೂ ಬಲ್ಕ್ ಇರೇಸರ್ ನಡೀತೈತಿ. ಚಾಲೂ ಮಾಡಿ ಎರಡೂ ಮಗ್ಗಲ ಗುಂಡಗ ತಿರುಗಿಸಿ, ನಿಧಾನಕ್ಕ ಒಂದು ಮಾರು ದೂರ ಒಯ್ದ ಮ್ಯಾಲನ ಸ್ವಿಚ್ ಬಂದ್. ಹತ್ತಿರ ಇದ್ದಾಗ ಬಂದ್ ಮಾಡಿದ್ರ ಅದರದ ಒಂದು ಕಲೆ ಕೂಡತೈತಿ. ಬ್ಯಾರೆ ಫ್ಲಾಪಿ, ಮಾನಿಟರ್ ಹತ್ತಿರ ಇರಬಾರದು. ಆಮ್ಯಾಲ 386ನಾಗ ‘ಫಾರ್ಮ್ಯಾಟ್ ಎ: /4’, ಅಲ್ಲೇ ಕಾಪಿ. ಎಕ್ಸ್‌ಟಿಗೆ ಹಾಕೂ ಮುಂಚೆ ಬದಿಯ ಕಚ್ಚಿಗೆ ಸ್ಟಿಕರ್ ಹಚ್ರಿ, ಅದರ ಮ್ಯಾಲ ಬರಿಯಾಕ ಆಗಬಾರದು. ಎಕ್ಸ್‌ಟಿ ಒಮ್ಮೆ ಅದರ ಮ್ಯಾಲ ಬರೀತಂದ್ರ ಮತ್ತ ಇದ ಹಾಡು.

ಬೆಟಗೇರಿ_ಪ್ರೆಸ್:
ಮೂರರಾಗ ಎರಡು ಓದಿದವು! ಮೂರನೇದಕ್ಕ ಫಾರ್ಮ್ಯಾಟಿನಾಗ ಬ್ಯಾಡ್ ಸೆಕ್ಟರ್ ರಾಶಿ. ನಡುವಿನ ತೂತಿಗೆ ಉಂಗುರ ಇಲ್ಲ.

ಹಾವೇರಿ_ರಿಪೇರಿ:
ಉಂಗುರ ಇಲ್ಲಂದ್ರ ಬಹುತೇಕ ಎಚ್‌ಡಿ, ಅಂದ್ರ 1.2 ಎಂಬಿದು; 360 ಕೆಬಿದು ಡಿಡಿ. ಬರಿಯಾಕ ಡಿಡಿ ಫ್ಲಾಪಿಗೆ ಸುಮಾರು 300 ಅರ್ಸ್ಟೆಡ್ (ಕಾಂತದ ಬಲದ ಅಳತಿ) ಸಾಕು, ಎಚ್‌ಡಿಗೆ 600. 360ಕ್ಕ ಬರಿಯೂ ಕರೆಂಟ್ ಅದಕ್ಕ ಸಾಲೂದಿಲ್ಲ. ಅದನ್ನ 1.2ಕ್ಕ ಇಟ್ಟುಬಿಡ್ರಿ. 3.5 ಇಂಚಿನಾಗ ಅಂತರ ಕಡಿಮಿ, ಎಚ್‌ಡಿ ಗುರ್ತಿನ ಮೂಲಿ ತೂತಿಗೆ ಟೇಪ್ ಹಚ್ಚಿ 720 ಕೆಬಿ ಮಾಡಿದ್ರ ಹೆಂಗೋ ನಡೀತೈತಿ. 5.25ಕ್ಕ ಆ ಆಟ ಇಲ್ಲ.

ದಿನಾ ಮಾಡೂ ಕೆಲಸ ಆದ್ರ ಅಳಸ್ಕೋತ ಕೂಡ್ರಬ್ಯಾಡ್ರಿ, ಇನ್ನೊಂದು 360 ಡ್ರೈವ್ 386ಗೇ ಬಿ ಮಾಡಿ ಹಾಕ್ರಿ. ಕೇಬಲ್ಲಿನ ನಡುವಿನ ಕನೆಕ್ಟರ್, ಅಂದ್ರ ಕೇಬಲ್ಲಿನ ತಂತಿ ತಿರುಚಿದ ಜಾಗ ಬರೂ ಮುಂಚಿಂದು. ಡ್ರೈವಿನ ನಂಬರ್ ಆರಿಸೂ ಜಂಪರ್ (ಪಿನ್ ಮ್ಯಾಲಿನ ಸಣ್ಣ ಟೋಪಿ) ಎರಡೂ ಡ್ರೈವಿಗೆ ಡಿಎಸ್1, ಎಣಿಕಿ 1ರಿಂದ ಇದ್ರ ಡಿಎಸ್2. ಸೆಟಪ್‌ನಾಗ ಬಿ ಅಂದ್ರ 360 ಅಂತ ಕೊಡ್ರಿ. ಟರ್ಮಿನೇಟರ್ ಕೊನೀ ಡ್ರೈವಿಗಷ್ಟ.

ಬೆಟಗೇರಿ_ಪ್ರೆಸ್:
ಟರ್ಮಿನೇಟರ್ ಹೆಂಗ ಗುರ್ತು ಹಿಡಿಯೂದ್ರಿ?

ಹಾವೇರಿ_ರಿಪೇರಿ:
ಸಾಕೆಟ್ಟಿನಾಗ ಕೂತ ರೆಸಿಸ್ಟರ್ ಪ್ಯಾಕ್, ನೋಡಾಕ ಐಸಿ ಹಂಗ. ನಡುವಿನ ಬಿ ಡ್ರೈವಿಂದು ಕಿತ್ತು ಆ ಡ್ರೈವಿನ ಮೈಗೇ ಟೇಪ್ ಹಚ್ಚಿ ಇಡ್ರಿ, ಮುಂದ ಅದೊಂದ ಡ್ರೈವ್ ಹಾಕಿದಾಗ ಬೇಕಾಗತೈತಿ.